ಕಡಲು ಕಾಣದವರ ಕಡಲ ಚಿತ್ರ

'ದೃಶ್ಯವೊಂದನ್ನು ಬರೆಯಿರಿ' ಎಂದರೆ ನಮ್ಮ ಮಕ್ಕಳು ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹಾಯಿದೋಣಿ ಬರೆಯುತ್ತಾರೆ. ಚಾರ್ಮಾಡಿ ಘಾಟಿಯನ್ನು ಇಳಿದೇ ಕಾಣದ ಮಗುವೂ ಕಡಲನ್ನು ಬರೆಯುತ್ತದೆ. ಕಿಟಕಿಯಾಚೆಯ ಕಾಫಿ ತೋಟವನ್ನು ಬರೆಯದು. ದೋಷ ಮಗುವಿನದಲ್ಲ, ಮಾದರಿಯನ್ನು ನಕಲು ಮಾಡಿಸುವ ನಮ್ಮದು.

ಕಡಲಿಗೆ ನಿಜವಾಗಿಯೂ ಮನಸೋತವನು ಫ್ರಾನ್ಸಿನ ಯೂಜೀನ್ ಬೂದಾಂ. 1824ರಲ್ಲಿ ಓನ್‌ಫ್ಲೂರ್ ಬಂದರಿನಲ್ಲಿ ನಾವಿಕನ ಮಗನಾಗಿ ಜನಿಸಿದ ಈತ ತ್ರೂವಿಲ್ಲಿನ ಮರಳದಂಡೆಯನ್ನೂ ಅದರ ಮೇಲಣ ಮೋಡಗಳನ್ನೂ ಜಲವರ್ಣದಲ್ಲಿ, ತೈಲವರ್ಣದಲ್ಲಿ ಬರೆದು ದಣಿಯಲಿಲ್ಲ. ತರುಣ ಮೋನೆಯನ್ನು ಬಯಲಿಗೆ ಕರೆದೊಯ್ದವನೂ ಇವನೇ. 1874ರ ಇಂಪ್ರೆಷನಿಸ್ಟರ ಪ್ರಥಮ ಪ್ರದರ್ಶನದಲ್ಲಿ ಇವನ ಕೃತಿಗಳೂ ಇದ್ದವು. ತನ್ನ ಅಭ್ಯಾಸಚಿತ್ರಗಳ ಅಂಚಿನಲ್ಲಿ ದಿನಾಂಕ, ಹೊತ್ತು, ಗಾಳಿಯನ್ನು ಗುರುತಿಸುತ್ತಿದ್ದುದನ್ನು ಕವಿ ಬೋದಿಲೇರ್ 1859ರಲ್ಲಿ ಮೆಚ್ಚಿ ಬರೆದಿದ್ದಾನೆ. ನಮ್ಮಲ್ಲಿ, ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳಿಗೆ ಹೀಗೆಯೇ ಒಲಿದರು.

ನಮಗೆ ಕಡಲು ದೂರವೆನ್ನುವಿರಾ? ಆಷಾಢದಲ್ಲಿ ಅರಬ್ಬೀ ಸಮುದ್ರದ ಮೋಡವೇ ಘಟ್ಟ ಹತ್ತಿ ಮೂಡಿಗೆರೆ, ಕಳಸಗಳ ಮೇಲೆ ಕವಿಯುತ್ತದೆ. ಸಿಲ್ವರ್ ಮರಗಳು ಅದರೊಳಗೆ ಅರೆಕರಗಿ ನಿಲ್ಲುತ್ತವೆ. ಒದ್ದೆ ಕಾಗದದ ಮೇಲೆ ಬಣ್ಣ ಹರಡುವ ಬಗೆಯೂ ಅದೇ ಅಲ್ಲವೆ? (ಮಳೆಗಾಲದಲ್ಲಿ ಚಿತ್ರ ಒಣಗದೆಂಬ ದೂರು ನಿಜ. ಒಲೆಯ ಬಳಿ ಹಿಡಿದರಾಯಿತು.)

ಪರೀಕ್ಷೆ ಸಮೀಪಿಸಿದೊಡನೆ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಒಪ್ಪಿಸುವ ಪದ್ಧತಿಯನ್ನು ಉಪಾಧ್ಯಾಯ ಮಿತ್ರರು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವಾರಕ್ಕೊಂದು ಅವಧಿ ಮಕ್ಕಳು ಹೊರಗೆ ಕುಳಿತು ಬರೆಯಲಿ. ದಾನಿಗಳಲ್ಲಿ ನನ್ನ ಬಿನ್ನಹ ಕಟ್ಟಡಕ್ಕಾಗಿ ಅಲ್ಲ, ದಪ್ಪ ಕಾಗದ ಮತ್ತು ಬಣ್ಣಗಳಿಗಾಗಿ. ಪ್ರತಿ ಚಿತ್ರದ ಅಡಿಯಲ್ಲಿ ಮಗು ತನ್ನ ಹೆಸರಿನೊಡನೆ ದಿನಾಂಕ, ಹೊತ್ತು, ಗಾಳಿ ಬೀಸಿದ ದಿಕ್ಕನ್ನೂ ಬರೆಯಲಿ.