ಕಂಪ್ಯೂಟರ್ ಹಳತಾಗಿಲ್ಲ, ಹಳತು ಮಾಡಿದ್ದಾರೆ

“ಇದಕ್ಕೆ ವಿಂಡೋಸ್ ಹನ್ನೊಂದು ಹಾಕೋಕಾಗಲ್ಲ ಸರ್, ಹೊಸದು ತಗೊಂಬಿಡಿ.” ಎಷ್ಟೋ ಕಂಪ್ಯೂಟರ್ ಅಂಗಡಿಗಳು ಈಗ ಈ ಒಂದು ಮಾತಿನ ಮೇಲೆ ವ್ಯಾಪಾರ ನಡೆಸುತ್ತಿವೆ. ಇದು ಅಂಗಡಿಯವರ ಮಾತಷ್ಟೇ ಆಗಿದ್ದರೆ ಹೊಟ್ಟೆಪಾಡು ಎಂದು ಸುಮ್ಮನಿರಬಹುದಿತ್ತು. ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳು, ಯೂಟ್ಯೂಬಿನ ಗ್ಯಾಜೆಟ್ ಪಂಡಿತರು, ವೈಟ್‌ಫೀಲ್ಡಿನಿಂದ ಹಬ್ಬಕ್ಕೆ ಊರಿಗೆ ಬರುವ ಅಕ್ಕನ ಮಗ, ಎಲ್ಲರದೂ ಅದೇ ರಾಗ. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಹೊಸ ವಿಂಡೋಸ್ ಲ್ಯಾಪ್‌ಟಾಪ್, ಜಾಸ್ತಿಯಿದ್ದರೆ ಮ್ಯಾಕ್. ಮೂರನೆಯದೊಂದು ದಾರಿ ಇದೆಯಲ್ಲ ಎಂದರೆ, “ಅಯ್ಯೋ, ಲಿನಕ್ಸಾ? ಅದು ಎಂಜಿನಿಯರುಗಳಿಗೆ” ಎಂದು ನಗುತ್ತಾರೆ. ಆ ನಗುವಿಗೆ ನಲವತ್ತು ಸಾವಿರ ರೂಪಾಯಿ ಖರ್ಚಾಗುತ್ತದೆ. ತೆರುವವರು ನೀವು.

ನಡೆದದ್ದು ಇಷ್ಟು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಆರೈಕೆಯಿಂದ ಕೈ ತೊಳೆದುಕೊಂಡಿತು. ಇದು ಬಂದದ್ದು 2015ರಲ್ಲಿ. ಇದೇ ಕೊನೆಯ ವಿಂಡೋಸ್ ಎಂದು ಆ ಕಂಪನಿಯ ಉದ್ಯೋಗಿಯೊಬ್ಬರೇ ಆಗ ವೇದಿಕೆಯ ಮೇಲೆ ಹೇಳಿದ್ದರು. ಕೊನೆಯದು ಆರು ವರ್ಷ ಬಾಳಿತು. 2021ರಲ್ಲಿ ಹನ್ನೊಂದು ಬಂತು, ಬರುವಾಗ ಬಾಗಿಲಲ್ಲೊಬ್ಬ ಕಾವಲುಗಾರನನ್ನೂ ಕರೆತಂದಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಅಂದರೆ ಆ ವರ್ಷದ ಯುಗಾದಿಗೆ ಮಗಳ ಕಾಲೇಜಿಗೆಂದು ಸಾಲ ಮಾಡಿ ಕೊಂಡ ಕೋರ್ ಐ5 ಯಂತ್ರ, ಇಂದಿಗೂ ಎಕ್ಸೆಲ್ ತೆರೆಯುತ್ತದೆ, ಸಿನಿಮಾ ತೋರಿಸುತ್ತದೆ, ಜೂಮ್ ನಡೆಸುತ್ತದೆ, ಆದರೂ ಅದು ಅನರ್ಹ.

ಇಂಥ ಅನರ್ಹರು ಜಗತ್ತಿನಲ್ಲಿ ಎಷ್ಟು? ಮಾರುಕಟ್ಟೆ ಅಧ್ಯಯನ ಸಂಸ್ಥೆ ಕ್ಯಾನಲಿಸ್ 2023ರ ಕೊನೆಯಲ್ಲಿ ಕೊಟ್ಟ ಅಂದಾಜು 24 ಕೋಟಿ. ಇಪ್ಪತ್ತನಾಲ್ಕು ಕೋಟಿ ಕಂಪ್ಯೂಟರು! ಯಾವುದರ ಪರದೆಯೂ ಒಡೆದಿಲ್ಲ, ಯಾವುದರ ಮದರ್‌ಬೋರ್ಡೂ ಸುಟ್ಟಿಲ್ಲ. ಬೀಗ ಮಾಡುವವನು ರಿಪೇರಿ ನಿಲ್ಲಿಸಿದ ಎಂದು ಮನೆಯನ್ನೇ ಕೆಡವಿ ಹೊಸದು ಕಟ್ಟಿ ಅಂದರೆ ಯಾರಾದರೂ ಒಪ್ಪುತ್ತಾರೆಯೇ? ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವು ತಲೆಯಾಡಿಸಿ ಇಎಂಐ ಕಟ್ಟಲು ಹೊರಡುತ್ತೇವೆ. ಹಾಗೆ ಹೊರಟವರೇ ಮಾರನೇ ದಿನ ಪರಿಸರ ದಿನಾಚರಣೆಯ ಸ್ಟೇಟಸ್ ಹಾಕುತ್ತಾರೆ.

“ಒಂದು ವರ್ಷ ಹೆಚ್ಚುವರಿ ಭದ್ರತೆ ಕೊಟ್ಟಿದ್ದಾರಲ್ಲ” ಎಂಬ ಸಮಜಾಯಿಷಿಯೂ ಕೇಳಿಬರುತ್ತದೆ. ಕೊಟ್ಟಿದ್ದಾರೆ, 2026ರ ಅಕ್ಟೋಬರ್‌ವರೆಗೆ. ಹೇಗೆ ಕೊಟ್ಟರು ಎನ್ನುವುದು ಇನ್ನೂ ಸೊಗಸು. ಒಂದೋ 30 ಡಾಲರ್ ಕಟ್ಟಿ, ಇಲ್ಲವೇ ಅವರ ರಿವಾರ್ಡ್ಸ್ ಅಂಕ ಸಾವಿರ ಒಪ್ಪಿಸಿ, ಅದೂ ಬೇಡವೆಂದರೆ ಅವರ ಖಾತೆ ತೆರೆದು ನಿಮ್ಮ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಅವರ ಕ್ಲೌಡ್‌ಗೆ ಸೇರಿಸಿ. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಗಟ್ಟಿ ದನಿಯಲ್ಲಿ ಕೇಳಿದವು. ಅಲ್ಲಿಯವರಿಗೆ ದುಡ್ಡೂ ಬೇಡ, ಅಂಕವೂ ಬೇಡ, ಕ್ಲೌಡ್‌ಗೆ ಸೇರಿಸುವುದೂ ಬೇಡ ಎಂದಾಯಿತು. ನಮ್ಮಲ್ಲಿ ಯಾರು ಕೇಳಿದರು? ಕೇಳಬೇಕಾದವರು ಹೊಸ ಲ್ಯಾಪ್‌ಟಾಪುಗಳ ಅನ್‌ಬಾಕ್ಸಿಂಗ್ ವಿಡಿಯೋ ಮಾಡುತ್ತಿದ್ದರು.

ಇನ್ನು ಸೇಬಿನ ಭಕ್ತರು. ಇವರ ಜೊತೆ ವಾದ ಮಾಡುವುದು ಕಷ್ಟ, ಏಕೆಂದರೆ ಇವರು ವಾದ ಮಾಡುವುದಿಲ್ಲ, ಮುಗುಳ್ನಗುತ್ತಾರೆ. ಮ್ಯಾಕ್ ಒಳ್ಳೆಯ ಯಂತ್ರವೇ, ಅನುಮಾನವಿಲ್ಲ. ಪುಟ್ಟ ಮ್ಯಾಕ್ ಮಿನಿ 2024ರಲ್ಲಿ ಬಂದಾಗ ಅದರ ಬೆಲೆ 59,900 ರೂಪಾಯಿಯಿಂದ ಶುರುವಾಗುತ್ತಿತ್ತು. ಪರದೆ, ಕೀಬೋರ್ಡ್, ಮೌಸ್ ಅದರಲ್ಲಿಲ್ಲ, ಅವು ನಿಮ್ಮ ತಲೆನೋವು. ನಾಲ್ಕು ವರ್ಷ ಬಿಟ್ಟು ರ‍್ಯಾಮ್ ಸಾಲದಾದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಇನ್ನೊಂದು ಪಟ್ಟಿ ತಂದು ಸಿಕ್ಕಿಸುವಂತಿಲ್ಲ. ಕೊಳ್ಳುವ ದಿನವೇ ಭವಿಷ್ಯ ಊಹಿಸಿ ದುಡ್ಡು ಸುರಿದಿರಬೇಕು. ಆಯಸ್ಸಿನ ವಿಷಯದಲ್ಲಾದರೂ ಇವರು ಉದಾರಿಗಳೋ? ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ ಟಾಹೋ ಆವೃತ್ತಿಯೇ ಕೊನೆ ಎಂದು ಆಪಲ್ 2025ರ ಜೂನ್‌ನಲ್ಲೇ ಸಾರಿತು. ಅಲ್ಲೂ ಕಾವಲುಗಾರನಿದ್ದಾನೆ, ಸೂಟು ಹಾಕಿದ್ದಾನೆ ಅಷ್ಟೆ.

ಹಾಗಾದರೆ ಎಂಜಿನಿಯರುಗಳದ್ದೆಂದು ಹೆಸರಾದ ಆ ಮೂರನೆಯದು, ವಿಂಡೋಸಿನ ಜಾಗದಲ್ಲಿ ಕೂರಬಲ್ಲ ಲಿನಕ್ಸ್? ಮನೆಯಲ್ಲಿ ಕಂಪ್ಯೂಟರ್ ಏನು ಕೆಲಸ ಮಾಡುತ್ತಿದೆ ಎಂದು ನೋಡಿ. ಹತ್ತರಲ್ಲಿ ಒಂಬತ್ತು ಪಾಲು ಬ್ರೌಸರ್. ವಿದ್ಯುತ್ ಬಿಲ್ಲು, ರೈಲ್ವೆ ಟಿಕೆಟ್ಟು, ಪಹಣಿ, ಮಗನ ಪರೀಕ್ಷೆಯ ಅರ್ಜಿ, ಯೂಟ್ಯೂಬಿನಲ್ಲಿ ಯಕ್ಷಗಾನ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಲಿನಕ್ಸ್‌ನಲ್ಲಿ ಅವೇ. ಉಳಿದ ಒಂದು ಪಾಲಿಗೆ ಲಿಬ್ರೆಆಫೀಸ್ ಎಂಬ ಬಿಟ್ಟಿ ಕಚೇರಿ ತಂತ್ರಾಂಶ ಧಾರಾಳ ಸಾಕು. ಲಿನಕ್ಸ್ ಮಿಂಟ್ ಎಂಬ ವಿತರಣೆಯನ್ನು ಪೆನ್‌ಡ್ರೈವ್‌ಗೆ ಹಾಕಿ, ಒಳಗಿನ ವಿಂಡೋಸನ್ನು ಮುಟ್ಟದೆಯೇ ಅದರಿಂದಲೇ ಕಂಪ್ಯೂಟರ್ ನಡೆಸಿ ನೋಡಬಹುದು. ವೈಫೈ ಸಿಗುತ್ತದೆಯೋ, ಪ್ರಿಂಟರ್ ಮಾತು ಕೇಳುತ್ತದೆಯೋ ಎಂದು ಪರೀಕ್ಷಿಸಿ, ಒಪ್ಪಿಗೆಯಾದರೆ ಇಳಿಸಿಕೊಳ್ಳಿ. ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆ ಇದೆ, ಬಿಟ್ಟಿಯಾಗಿ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರಂತೂ ಅನರ್ಹ ಯಂತ್ರ ಮತ್ತೆ ಓಡುತ್ತದೆ.

“ಬಿಟ್ಟಿ ಸಿಗೋದು ಎಲ್ಲಿ ಚೆನ್ನಾಗಿರುತ್ತೆ?” ಎನ್ನುವವರಿಗೊಂದು ಪ್ರಶ್ನೆ. ಸ್ವಾಮಿ, ನಿಮ್ಮ ಈಗಿನ ವಿಂಡೋಸಿಗೆ ನೀವು ಕೊಟ್ಟ ಬೆಲೆಯೆಷ್ಟು? ಅಂಗಡಿಯ ಹುಡುಗ ಐನೂರು ರೂಪಾಯಿ ತಗೊಂಡು ಕ್ರ್ಯಾಕ್ ಹಾಕಿಕೊಟ್ಟ ಪ್ರತಿ ತಾನೇ? ಪರದೆಯ ಮೂಲೆಯಲ್ಲಿ “ಆಕ್ಟಿವೇಟ್ ವಿಂಡೋಸ್” ಎಂಬ ಅಕ್ಷರಗಳನ್ನು ವರ್ಷಗಟ್ಟಲೆ ಮನೆದೇವರ ಪಟದಂತೆ ಕಾಪಾಡಿಕೊಂಡು ಬಂದವರು ಬಿಟ್ಟಿ ತಂತ್ರಾಂಶದ ಗುಣಮಟ್ಟದ ಮಾತಾಡುತ್ತಾರೆ.

ವಿಂಡೋಸ್ ಬಿಡಲು ಬೆಲೆಗಿಂತ ದೊಡ್ಡ ತೊಡಕು ಬೇರೆಯೇ ಇದೆ, ಅದರ ಮಾತು ಯಾರೂ ಎತ್ತುವುದಿಲ್ಲ. ಅದು ನಮ್ಮದೇ ಸೃಷ್ಟಿ. ಕನ್ನಡದ ಯಾವುದೇ ವಿಚಾರ ಸಂಕಿರಣದ ಕರೆಯೋಲೆ ತೆಗೆದು ನೋಡಿ, “ಪ್ರಬಂಧಗಳನ್ನು ನುಡಿ 01 ಇ ಅಕ್ಷರದಲ್ಲಿ, 14ರ ಗಾತ್ರದಲ್ಲಿ ಕಳುಹಿಸಬೇಕು” ಎಂದಿರುತ್ತದೆ. ಲಿಪಿಗಳ ಜಾಗತಿಕ ಶಿಷ್ಟತೆಯಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮೂರು ದಶಕ ದಾಟಿದರೂ ನಮ್ಮ ವಿದ್ವಾಂಸರು, ಪ್ರಕಾಶಕರು, ಕಚೇರಿಗಳ ಗುಮಾಸ್ತರು ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ಮುಖವಾಡ ತೊಡಿಸುವ, ನುಡಿ 01 ಇಯಂಥ ಆಸ್ಕಿ ಫಾಂಟುಗಳನ್ನು ಬಿಡಲೊಲ್ಲರು. ಆ ಕಡತವನ್ನು ಗೂಗಲ್ ಹುಡುಕಲಾರದು, ಮೊಬೈಲ್ ತೋರಿಸಲಾರದು, ಕುರುಡರಿಗೆ ಓದಿ ಹೇಳುವ ತಂತ್ರಾಂಶ ಅದರ ಎದುರು ಅರ್ಥವಿಲ್ಲದ್ದನ್ನು ಒದರುತ್ತದೆ. ಇಷ್ಟರ ಮೇಲೂ ಇವರೇ ರಾಜ್ಯೋತ್ಸವದ ವೇದಿಕೆಯಲ್ಲಿ ‘ಡಿಜಿಟಲ್ ಯುಗದಲ್ಲಿ ಕನ್ನಡ’ ಎಂದು ಒಂದು ಗಂಟೆ ಭಾಷಣ ಬಿಗಿಯುತ್ತಾರೆ. ಮುದ್ರಣಾಲಯಕ್ಕೆ ಹೋಗಿ ನೋಡಿ: ಅಲ್ಲಿ ಪುಟ ಕಟ್ಟುವುದು ಇವತ್ತಿಗೂ ಪೇಜ್‌ಮೇಕರಿನಲ್ಲಿ, ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ! ತಂತ್ರಾಂಶ 2001ರದ್ದು, ಫಾಂಟು ಅದಕ್ಕೂ ಹಳೆಯ ತಂತ್ರದ್ದು, ಅವನ್ನು ನಡೆಸಲು ಮಾತ್ರ ವಿಂಡೋಸ್ ಇರುವ 2025ರ ಯಂತ್ರ ಬೇಕಂತೆ. ವಿಂಡೋಸನ್ನು ನಮ್ಮ ಕುತ್ತಿಗೆಗೆ ಕಟ್ಟಿದವನು ಬಿಲ್ ಗೇಟ್ಸ್ ಒಬ್ಬನೇ ಅಲ್ಲ.

ನುಡಿ ಕೀಲಿಮಣೆಗೆ ಬೆರಳು ಪಳಗಿದೆ ಎನ್ನುವವರೂ ಹೆದರಬೇಕಿಲ್ಲ. ಅದೇ ವಿನ್ಯಾಸ ಲಿನಕ್ಸ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ, ಯುನಿಕೋಡ್‌ನಲ್ಲೇ ಮೂಡುತ್ತದೆ.

ಇದೆಲ್ಲ ಹೇಳುವುದು ಸುಲಭ, ಸಾಮಾನ್ಯರು ಬಳಸಲಾರರು ಎನ್ನುವವರು ಕಾಸರಗೋಡಿಗೊಮ್ಮೆ ಹೋಗಿಬರಲಿ. ಕೇರಳ ತನ್ನ ಸರ್ಕಾರಿ ಶಾಲೆಗಳನ್ನು ಸುಮಾರು ಎರಡು ದಶಕದ ಹಿಂದೆಯೇ ಲಿನಕ್ಸ್‌ಗೆ ದಾಟಿಸಿತು. ಕೈಟ್ ಎಂಬ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ವಿತರಣೆಯನ್ನು ಶಾಲೆಗೆ ತಕ್ಕಂತೆ ಹದಮಾಡಿ ಹಂಚುತ್ತದೆ, ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದನ್ನೇ ಕಲಿಯುತ್ತಾರೆ, ಕನ್ನಡದಲ್ಲೇ ಅಚ್ಚಾದ ಪಠ್ಯಪುಸ್ತಕ ಹಿಡಿದು. ಗಡಿಯಾಚೆಯ ಕನ್ನಡದ ಹುಡುಗಿ ಪ್ರೌಢಶಾಲೆಯಲ್ಲಿ ಮಾಡುವ ಕೆಲಸ ಗಡಿಯೀಚೆಯ ಪದವೀಧರನಿಗೆ ‘ಎಂಜಿನಿಯರುಗಳ ವಿಷಯ’. ಐಟಿ ರಾಜಧಾನಿ ಎಂದು ಬೆನ್ನು ತಟ್ಟಿಕೊಳ್ಳುವವರು ನಾವು.

ಇಷ್ಟಾದ ಮೇಲೆ ಎದುರು ಪಾಳಯ ತನ್ನ ಬ್ರಹ್ಮಾಸ್ತ್ರ ಬಿಡುತ್ತದೆ: ಮ್ಯೂನಿಕ್. ಜರ್ಮನಿಯ ಆ ನಗರಾಡಳಿತ 2004ರಲ್ಲಿ ಲಿನಕ್ಸ್‌ನತ್ತ ಹೊರಟು, ಹತ್ತಿರ ಹತ್ತಿರ 15,000 ಕಂಪ್ಯೂಟರುಗಳನ್ನು ಬದಲಿಸಿ, 2017ರಲ್ಲಿ ವಿಂಡೋಸಿಗೇ ಮರಳುವ ತೀರ್ಮಾನ ಮಾಡಿತು. ಸೋತಿತಲ್ಲ ಎನ್ನುತ್ತಾರೆ. ಮೈಕ್ರೋಸಾಫ್ಟ್ ತನ್ನ ಜರ್ಮನಿಯ ಮುಖ್ಯ ಕಚೇರಿಯನ್ನು ಅದಕ್ಕೂ ಒಂದು ವರ್ಷ ಮೊದಲು ಇದೇ ಮ್ಯೂನಿಕ್ ನಗರದೊಳಕ್ಕೆ ತಂದದ್ದನ್ನು ಮಾತ್ರ ಹೇಳುವುದಿಲ್ಲ. ಕಾಕತಾಳೀಯವೇ ಇರಲಿ ಬಿಡಿ. ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 30,000 ನೌಕರರನ್ನು ಲಿಬ್ರೆಆಫೀಸಿಗೂ ಮುಂದೆ ಲಿನಕ್ಸ್‌ಗೂ ದಾಟಿಸುತ್ತೇನೆ ಎಂದು 2024ರಲ್ಲಿ ಘೋಷಿಸಿದೆ. ಫ್ರಾನ್ಸಿನ ಜಾಂದಾರ್ಮರಿ ಪೊಲೀಸರು ಲಕ್ಷದ ಆಸುಪಾಸು ಕಂಪ್ಯೂಟರುಗಳನ್ನು ತಮ್ಮದೇ ಉಬುಂಟುವಿನಲ್ಲಿ ನಡೆಸುತ್ತಿದ್ದಾರೆ. ಪೊಲೀಸರಿಗೆ ಸಾಧ್ಯವಾದದ್ದು ನಮ್ಮ ಪಂಡಿತರ ಪ್ರಕಾರ ಗೃಹಿಣಿಯರಿಗೆ ಅಸಾಧ್ಯ. ಗೃಹಿಣಿಯರನ್ನು ಇವರು ಕೇಳಿದ್ದು ಯಾವಾಗಲೋ!

ವಿಂಡೋಸ್ ಬೇಕೇ ಬೇಕಾದವರು ಇದ್ದಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಕೆಲವು ಆನ್‌ಲೈನ್ ಆಟಗಳಿಲ್ಲದೆ ನಿದ್ದೆ ಬಾರದವರು. ಆಟೋಕ್ಯಾಡ್‌ನಲ್ಲಿ ನಕ್ಷೆ ಬಿಡಿಸುವವರಿಗೆ, ಮದುವೆ ಫೋಟೋಗಳಿಗೆ ಫೋಟೋಶಾಪ್ ಹಿಡಿದವರಿಗೆ ವಿಂಡೋಸೋ ಮ್ಯಾಕೋ ಬೇಕು. ಅವರ ಅನ್ನ ಅದರಲ್ಲಿದೆ, ಇಟ್ಟುಕೊಳ್ಳಲಿ, ಸಾಧ್ಯವಾದರೆ ದುಡ್ಡು ಕೊಟ್ಟು ಕೊಂಡದ್ದನ್ನು. ಟ್ಯಾಲಿ ಬೆಂಗಳೂರಿನದೇ ಕಂಪನಿ. ದೇಶದ ಅಂಗಡಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತಿರುವ ಈ ತಂತ್ರಾಂಶ ಇಂದಿಗೂ ವಿಂಡೋಸ್ ಬಿಟ್ಟು ಬೇರೆ ಕಡೆ ನೇರವಾಗಿ ಕಾಲಿಡದಿರುವುದಕ್ಕೆ ನಾವು ಯಾರನ್ನು ಬಯ್ಯಬೇಕು? ಸಿಯಾಟಲ್ ಕಡೆಯ ಮೈಕ್ರೋಸಾಫ್ಟಿನವರನ್ನಂತೂ ಅಲ್ಲ. ಅಪಾಯದ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಆರೈಕೆ ನಿಂತ ವಿಂಡೋಸಿನಲ್ಲೇ ನೆಟ್ ಬ್ಯಾಂಕಿಂಗ್ ಮಾಡುತ್ತ ಕೂರುವುದು ಮೂರ್ಖತನ. ಆದರೆ ಆ ಮೂರ್ಖತನಕ್ಕೆ ಮದ್ದು ಹೊಸ ಯಂತ್ರವೇ ಎನ್ನುವುದು ಅಂಗಡಿಯ ಗಣಿತ.

ಈ ನಡುವೆ ನಮ್ಮ ರಾಜ್ಯ ಸರ್ಕಾರಕ್ಕೂ ಜ್ಞಾನೋದಯವಾದಂತಿದೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಸರ್ಕಾರದ್ದೇ ಆದ ಕಿಯೋನಿಕ್ಸ್ ಸಂಸ್ಥೆ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಆಗ ಹೇಳಿದ ಬೆಲೆ ಇಪ್ಪತ್ತು ಸಾವಿರದೊಳಗೆ, ಒಳಗಿರುವುದು ಉಬುಂಟು ಲಿನಕ್ಸ್. ಬಹಳ ಸಂತೋಷ, ಚಪ್ಪಾಳೆ. ಅದನ್ನು ಬಡಮಕ್ಕಳಿಗೆ ಹಂಚುವ ಮೊದಲು ವಿಧಾನಸೌಧದ ಯಾವುದಾದರೊಂದು ಶಾಖೆಯ ಮೇಜಿನ ಮೇಲಿಟ್ಟು, ಅಲ್ಲಿಯ ‘ನುಡಿ 01 ಇ’ ಕಡತವೊಂದನ್ನು ತೆರೆದು, ತಿದ್ದಿ, ಸಾಹೇಬರ ಸಹಿಗೆ ಕಳಿಸಿ ತೋರಿಸಲಿ ನೋಡೋಣ.