ಹೆಸರು ನೋಡಿ ಹಣ ಕಳಿಸಿ

ರಾಜಾಜಿನಗರದ ಬಟ್ಟೆ ಅಂಗಡಿಯಿಂದ ಕೆಂಗೇರಿಯ ಕಾಫಿ ಅಂಗಡಿಯವರೆಗೆ ಗಲ್ಲಾಪೆಟ್ಟಿಗೆಯ ಕೆಲಸವನ್ನು ಈಗ ಮೊಬೈಲು ಹಂಚಿಕೊಂಡಿದೆ. ಸಗಟು ವ್ಯಾಪಾರಿಗೆ ಕಟ್ಟುವ ದೊಡ್ಡ ಮೊತ್ತವೂ ಖಾತೆಯಿಂದ ಖಾತೆಗೆ ಹೋಗುತ್ತದೆ. 2019ರ ಡಿಸೆಂಬರಿನಿಂದ ನೆಫ್ಟ್, 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ಹಗಲಿರುಳೂ ನಡೆಯುತ್ತಿವೆ. ಅನುಕೂಲವೇನೋ ಆಯ್ತು. ಕೈ ತಪ್ಪಿದರೆ?

ಅನೇಕರು ಗಮನಿಸದ ಸಂಗತಿ ಒಂದುಂಟು. ಇಲ್ಲಿ ಹಣ ಜಮಾ ಆಗುವುದು ಖಾತೆಯ ನಂಬರು ನೋಡಿ. ರಾಮಯ್ಯ ಅಂತ ಹೆಸರು ಬರೆದಿದ್ದರೂ ನಂಬರು ಭೀಮಯ್ಯನದಾದರೆ ದುಡ್ಡು ಭೀಮಯ್ಯನಿಗೇ ಸೇರೀತು. ಅದಕ್ಕೆಂದೇ ರಿಸರ್ವ್ ಬ್ಯಾಂಕು, ಹಣ ಕಳಿಸುವ ಮುನ್ನ ಖಾತೆದಾರರ ಹೆಸರು ತೋರಿಸುವ ಏರ್ಪಾಟನ್ನು 2025ರ ಏಪ್ರಿಲ್ 1ರೊಳಗೆ ಮಾಡಬೇಕೆಂದು ಬ್ಯಾಂಕುಗಳಿಗೆ ಆದೇಶಿಸಿತು. ಆದರೆ ವಿಜಯನಗರದ ಬಸ್ಸಿನಲ್ಲಿ ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಫೋನು ಹಿಡಿದವರಿಗೆ ಆ ಹೆಸರು ಓದುವಷ್ಟು ವ್ಯವಧಾನ ಎಲ್ಲಿದೆ?

ವ್ಯವಧಾನ ಇರಲೇಬೇಕು. ಹೊಸ ಖಾತೆಯಾದರೆ ಮೊದಲು ಒಂದು ರೂಪಾಯಿ ಕಳಿಸಿ, ಬಂತೇ ಎಂದು ಕೇಳಿ, ಆಮೇಲೆ ಉಳಿದದ್ದು ಕಳಿಸಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಅನ್ನುವವನನ್ನು ನಂಬಬೇಡಿ. ನಂಬರು ತಪ್ಪಿದರೆ ಕೂಡಲೇ ಬ್ಯಾಂಕಿಗೆ ತಿಳಿಸಿ. ಮೋಸವಾದರೆ ನಾಚಿಕೆ ಬಿಟ್ಟು, ಗಳಿಗೆಯೂ ತಡಮಾಡದೆ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ದುಡ್ಡು ಕೈಯಿಂದ ಕೈಗೆ ದಾಟಿಹೋಗುತ್ತದೆ.

ಬ್ಯಾಂಕಿನವರಿಗೂ ಒಂದು ಮಾತು. ಸಾಲ, ಠೇವಣಿಯ ಜಾಹೀರಾತಿಗೆ ಗೋಡೆಯ ತುಂಬ ಜಾಗವಿದೆ. ಇಷ್ಟನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆದು ಬಾಗಿಲಿಗೆ ತಗುಲಿಹಾಕಲು ಒಂದು ಗೇಣು ಜಾಗ ಸಿಗದೇ?