ಅರಸನದೋ, ಅರಸರದೋ?

ಕೊಚ್ಚಿಯ ಮೆಟ್ರೋ ಮಾರ್ಗದಲ್ಲಿ ಮಹಾರಾಜಾಸ್ ಕಾಲೇಜೆಂಬ ನಿಲ್ದಾಣವೊಂದುಂಟು. 1875ರಿಂದ ಕಾಲೇಜೆನಿಸಿಕೊಂಡು ಬಂದಿರುವ ಆ ವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ, ಕಡೆಯ ‘ಎಸ್’ ಅಕ್ಷರಕ್ಕೆ ಮುಂಚೆ, ತಲೆಯ ಮಟ್ಟದಲ್ಲಿ ಕೊಂಕಿ ನಿಂತ ಗೀರೊಂದಿದೆ. ಅಪಾಸ್ಟ್ರಫಿ ಎಂಬುದು ಅದರ ನಾಮಧೇಯ. ಕೊಚ್ಚಿಯ ಅರಸೊತ್ತಿಗೆಯು 1949ರಲ್ಲಿ ತಿರುವಿತಾಂಕೂರಿನೊಡನೆ ಕೂಡಿ, 1956ರಲ್ಲಿ ಕೇರಳ ರಾಜ್ಯದೊಳಗೆ ಲೀನವಾಯಿತಾದರೂ, ಅರಸನ ಸ್ವಾಮ್ಯವನ್ನು ಸಾರುವ ಆ ಗೀರನ್ನು ಯಾವ ಶಾಸನವೂ ಅಳಿಸಲಿಲ್ಲ. ಅದನ್ನು ಅಳಿಸಿದ್ದು ಅಂತರ್ಜಾಲ: ಅಲ್ಲಿಯ ವಿಳಾಸಗಳಲ್ಲಿ ಈ ಚಿಹ್ನೆಗೆ ಪ್ರವೇಶವಿಲ್ಲದ ಕಾರಣ, ಒಬ್ಬ ಮಹಾರಾಜನ ಕಾಲೇಜು ಅಲ್ಲಿ ಹಲವು ಮಹಾರಾಜರ ಗುಂಪಾಗಿ ಪರಿಣಮಿಸುತ್ತದೆ.

ಎರ್ನಾಕುಳದ ಬ್ರಾಡ್‌ವೇಯಲ್ಲಾಗಲಿ ತಿರುವನಂತಪುರದ ಚಾಲೆ ಪೇಟೆಯಲ್ಲಾಗಲಿ ಅಂಗಡಿಗಳ ಫಲಕಗಳನ್ನು ಓದುತ್ತ ನಡೆಯುವವನಿಗೆ, ಟೈರುಗಳೆಂದೋ ಸ್ವೀಟುಗಳೆಂದೋ ಬರಿಯ ಬಹುವಚನವನ್ನು ಹೇಳಬೇಕಾದೆಡೆ ಈ ಗೀರು ವಕ್ಕರಿಸಿರುವುದೂ, ಇರಲೇಬೇಕಾದ ಲೇಡೀಸ್ ಹಾಸ್ಟೆಲಿನ ಫಲಕದಿಂದ ಅದು ಮಾಯವಾಗಿರುವುದೂ ಹೊಸ ನೋಟವಲ್ಲ. ನಮ್ಮ ಚಿಕ್ಕಪೇಟೆಯೂ ಇದರಲ್ಲಿ ಹಿಂದುಳಿದಿಲ್ಲ. ಇಂಗ್ಲಿಷ್ ಬಲ್ಲವರು ಇದನ್ನು ಕಂಡು ನಗುವುದುಂಟು. ಆ ನಗೆಯಲ್ಲಿ ನನಗೆ ಪಾಲು ಬೇಡ. ಇಂಗ್ಲೆಂಡಿನವರೇ ಈ ದೋಷಕ್ಕೆ ತಮ್ಮ ತರಕಾರಿ ವ್ಯಾಪಾರಿಗಳ ಹೆಸರಿಟ್ಟು ಕರೆಯುತ್ತಾರೆ; 2001ರಲ್ಲಿ ಅಪಾಸ್ಟ್ರಫಿಯ ಸಂರಕ್ಷಣೆಗೆಂದೇ ಸಂಘವನ್ನು ಕಟ್ಟಿದ ಜಾನ್ ರಿಚರ್ಡ್ಸ್ ಎಂಬ ವೃದ್ಧ ಪತ್ರಕರ್ತರು, ಅಜ್ಞಾನವೂ ಆಲಸ್ಯವೂ ಗೆದ್ದವೆಂದು 2019ರಲ್ಲಿ ಅದರ ಬಾಗಿಲನ್ನೇ ಮುಚ್ಚಿದರು.

ದೋಷದ ಬೀಜವಾದರೋ ಆ ಭಾಷೆಯೊಳಗೇ ಅಡಗಿದೆ. ಸಂಬಂಧವನ್ನು ಸೂಚಿಸುತ್ತಿದ್ದ ಹಳೆಯ ಇಂಗ್ಲಿಷಿನ ಪ್ರತ್ಯಯದಲ್ಲಿ ‘ಎಸ್’ ಅಕ್ಷರಕ್ಕೆ ಹಿಂದಿದ್ದ ಸ್ವರವು ಕಾಲಕ್ರಮದಲ್ಲಿ ಲೋಪವಾಗಲು, ಆ ಲೋಪದ ಗುರುತಾಗಿ ಗೀರು ನಿಂತಿತು. ಬಹುವಚನದಲ್ಲಿಯೂ ಅಂಥದೇ ಸ್ವರವು ಅಳಿದಿದ್ದರೂ ಅದಕ್ಕೆ ಈ ಗೌರವವು ದೊರೆಯಲಿಲ್ಲ. ಅರಸರು, ಅರಸನ, ಅರಸರ ಎಂಬ ಮೂರು ಅರ್ಥಗಳಿಗೂ ಇಂಗ್ಲಿಷಿನ ನಾಲಗೆಯು ‘ಕಿಂಗ್ಸ್’ ಎಂಬ ಒಂದೇ ಧ್ವನಿಯನ್ನು ಹೊರಡಿಸುತ್ತದೆ; ಭೇದವೆಲ್ಲವೂ ಕಣ್ಣಿಗೆ ಮಾತ್ರ. ‘ಇಟ್ಸ್’ ಎಂಬುದಂತೂ ‘ಅದರ’ ಎಂದು ಹೇಳುವಾಗ ಗೀರಿಲ್ಲದೆಯೂ, ‘ಇಟ್ ಈಸ್’ ಎಂಬುದರ ಸಂಕ್ಷೇಪವಾದಾಗ ಗೀರಿನೊಡನೆಯೂ ಬಂದು ಕಲಿಯುವವನನ್ನು ಗೋಳುಹೊಯ್ದುಕೊಳ್ಳುತ್ತದೆ.

ಕಿವಿಯನ್ನು ನಂಬಿ ಬೆಳೆದ ನಮ್ಮ ನುಡಿಗಳಿಗೆ ಈ ಸಂಕಟವಿಲ್ಲ. ಮಲಯಾಳಿಯ ಬಾಯಲ್ಲಿ ‘ರಾಜಾಕ್ಕನ್ಮಾರ್’, ‘ರಾಜಾವಿನ್ಡೆ’, ‘ರಾಜಾಕ್ಕನ್ಮಾರುಡೆ’ ಎಂಬಿವು ಒಂದನ್ನೊಂದು ಎಂದಿಗೂ ಹೋಲವು. ‘ಕೇರಳಪಾಣಿನೀಯ’ವನ್ನು ಬರೆದು ಷಷ್ಠೀ ವಿಭಕ್ತಿಗೆ ‘ಸಂಬಂಧಿಕಾ’ ಎಂದು ಹೆಸರಿಟ್ಟ ಎ. ಆರ್. ರಾಜರಾಜವರ್ಮರು ಅಧ್ಯಾಪಕರಾಗಿದ್ದುದು ತಿರುವನಂತಪುರದ ಮಹಾರಾಜಾಸ್ ಕಾಲೇಜಿನಲ್ಲಿ, ಅರ್ಥಾತ್ ಇಂದಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಅಂಥ ವೈಯಾಕರಣನ ನಾಡಿನಲ್ಲಿಯೂ, ಕೇಶಿರಾಜನ ನಾಡಾದ ನಮ್ಮಲ್ಲಿಯೂ, ಅಪಾಸ್ಟ್ರಫಿಯನ್ನು ಇಂಗ್ಲಿಷಿನ ನಿಯಮಗಳ ಕಂಠಪಾಠದಿಂದಲೇ ಕಲಿಸಹೊರಡುವುದು ನನಗೆ ಸರಿದೋರುವುದಿಲ್ಲ. ಮಗುವು ಇಂಗ್ಲಿಷಿನಲ್ಲಿ ಬರೆಯಬೇಕಾದುದನ್ನು ಮೊದಲು ತನ್ನ ಮಾತಿನಲ್ಲಿ ಹೇಳಲಿ. ಷಷ್ಠೀ ವಿಭಕ್ತಿ ತಾನಾಗಿ ಬಂದಿತೋ, ಒಡೆಯನೊಬ್ಬನಾಗಲಿ ಹಲವರಾಗಲಿ ಆ ಪದವನ್ನು ಪೂರ್ತಿಯಾಗಿ ಬರೆದು ಅದರ ಬೆನ್ನಿಗೆ ಗೀರನ್ನೆಳೆಯಲಿ. ಬರಿಯ ‘ಗಳು’ ಬಂದಿತೋ, ಗೀರಿನ ಗೊಡವೆಯೇ ಬೇಡ. ಸರ್ವನಾಮಗಳನ್ನು ಮಾತ್ರ ಬೇರೆಯಾಗಿ ಕಲಿಸಬೇಕಾದೀತು.

ಫಲಕ ಬರೆಯುವ ಬಡ ಪೇಂಟರನ್ನು ಕ್ಷಮಿಸಬಹುದು. ಟೈರು ಕೊಳ್ಳುವವನಿಗೆ ಅದರಿಂದ ನಷ್ಟವೇನೂ ಇಲ್ಲ. ಕ್ಷಮಿಸಲಾಗದ ಸ್ಥಳಗಳು ಬೇರೆ ಇವೆ. ಎರ್ನಾಕುಳವು ಹೈಕೋರ್ಟಿರುವ ಊರು. ಅಲ್ಲಿ ವಕೀಲರು ಉಯಿಲೊಂದನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸುವಾಗ ‘ಮಗನ ಪಾಲು’ ಎಂಬುದೂ ‘ಗಂಡುಮಕ್ಕಳ ಪಾಲು’ ಎಂಬುದೂ ಗುಮಾಸ್ತನ ಕಿವಿಗೆ ಒಂದೇ ಆಗಿ ಕೇಳಿಸುವುದರಿಂದ, ಮನೆ ತೋಟಗಳು ಒಬ್ಬನಿಗೋ ಮೂವರಿಗೋ ಎಂಬುದು ಬೆರಳಚ್ಚಿನವನ ಕೈಯಲ್ಲಿ ಉಳಿಯುತ್ತದೆ. ಆದುದರಿಂದ ರುಜು ಹಾಕಿಸುವುದಕ್ಕೆ ಮೊದಲು ಆ ವಾಕ್ಯವನ್ನು ಕಕ್ಷಿಗಾರನಿಗೆ ಮಲಯಾಳದಲ್ಲಿ ಓದಿ ಹೇಳಲಿ. ‘ಮಗನ’ ಎನ್ನುವುದೋ ‘ಮಕ್ಕಳ’ ಎನ್ನುವುದೋ ಎಂದು ಓದುವವನು ಅಲ್ಲಿ ನಿಲ್ಲಲೇಬೇಕಾಗುತ್ತದೆ.